ಗಂಡಿಕೋಟದ ಕಮರಿಯೋ, ಹಂಪಿಯ ಹೊಳೆದಂಡೆಯೋ?

ಮಾರ್ಗದರ್ಶಿ ಜತೆ ಒಂದೇ ದಿನದ ನಡಿಗೆಯಾದರೆ, ಮೊದಲು ಮೊಣಕಾಲು ನೋಡಿಕೊಳ್ಳಿ.

ಹಂಪಿಯಲ್ಲಿ ವಿರೂಪಾಕ್ಷ ಗುಡಿಯಿಂದ ತುಂಗಭದ್ರೆಯ ಪಕ್ಕದಲ್ಲೇ ವಿಠ್ಠಲ ಗುಡಿಗೆ ಸುಮಾರು 2 ಕಿ.ಮೀ. ಕೋದಂಡರಾಮ ಗುಡಿ, ಪುರಂದರ ಮಂಟಪ, ರಾಜನ ತುಲಾಭಾರದ ಕಲ್ಲುಕಂಬಗಳು ದಾರಿಯಲ್ಲೇ ಸಿಗುತ್ತವೆ. ನಿಂತು ನೋಡಲು ಮೂರು ಗಂಟೆ ಇಟ್ಟುಕೊಳ್ಳಿ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲೂ ನಿಲ್ಲುತ್ತದೆ. ಮಳೆಗಾಲದಲ್ಲಿ ಹಿಂದಿನ ದಿನವೇ ವಿಚಾರಿಸಿ. ವಿಠ್ಠಲ ಗುಡಿಯ ಟಿಕೆಟ್ ಎಸೆಯಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ.

ಆಂಧ್ರದ ಗಂಡಿಕೋಟ ನಿಜವಾದ ಕಮರಿ. ಎರ್ರಮಲ ಗುಡ್ಡ ಸೀಳಿಕೊಂಡು ಪೆನ್ನಾ ನದಿ ಹರಿಯುತ್ತದೆ. ತೆಲುಗಿನಲ್ಲಿ 'ಗಂಡಿ' ಅಂದರೇ ಕಮರಿ. ಜಮ್ಮಲಮಡುಗು ಪಟ್ಟಣದಿಂದ ಸುಮಾರು 15 ಕಿ.ಮೀ. ಕೋಟೆಯೊಳಗೆ ಮಾಧವರಾಯ ಗುಡಿ, ಜಾಮಿಯಾ ಮಸೀದಿ, ಕಣಜ ನೋಡುವುದು ಸಲೀಸು. ಅಂಚಿನ ಕೆಂಬಂಡೆಗಳ ಮೇಲೆ ಮಾತ್ರ ಜೋಪಾನ, ಹಿಡಿದುಕೊಳ್ಳಲು ಕಂಬಿ ಇಲ್ಲ. ನದಿಗೆ ಇಳಿಯುವಾಗ ಮೆಟ್ಟಿಲೂ ಇಲ್ಲ. ಅಲುಗಾಡುವ ಕಲ್ಲಿಗೆ ಪೂರ್ತಿ ಭಾರ ಹಾಕಿದಾಗಲೇ ಕಾಲು ಉಳುಕುವುದು. ಪ್ರತಿ ಕಲ್ಲನ್ನೂ ಒಮ್ಮೆ ಒತ್ತಿ ನೋಡಿ ಹೆಜ್ಜೆಯಿಡಿ. ತಲಾ 2 ಲೀಟರ್ ನೀರು, ಹಿಡಿತವಿರುವ ಷೂ ಬೇಕೇ ಬೇಕು. ಹತ್ತುವಾಗ ಬಿಸಿಲು ಏರಿದರೆ ಬಂಡೆ ಕಾದ ಹಂಚು, ಬೆಳಿಗ್ಗೆ 9ರೊಳಗೆ ಮೇಲೆ ಬಂದಿರಿ.

ಅಜ್ಜಿ-ತಾತ ಜತೆಗಿದ್ದರೆ ಹಂಪಿಯೇ ಸರಿ. ಗಂಡಿಕೋಟಕ್ಕೆ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ.