ಸೋಲಾರ್‌ಗೆ 'ಅಪ್ರೂವಲ್ ಬಂತು' ಅಂದರೆ ಪುರಸಭೆ ಒಪ್ಪಿತು ಅಂತಲ್ಲ

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದಲ್ಲಿ ನಮ್ಮ ಮನೆ. ಊರಿನದ್ದಾಗಲಿ ಕಂಪನಿಯದ್ದಾಗಲಿ ಹೆಸರು ಬರೆಯುವುದಿಲ್ಲ, ಇನ್ನೂ ಅದೇ ಕಚೇರಿಗೆ ಅಲೆಯುವುದು ಬಾಕಿ ಇದೆ. ಮನೆ ಮೇಲೆ ಸೋಲಾರ್ ಹಾಕಿಸಬೇಕು ಅಂತಿರುವವರು, ಅದರಲ್ಲೂ 'ಸ್ವಲ್ಪ ಎತ್ತರಕ್ಕೆ ಹಾಕಿಸಿ, ಕೆಳಗೆ ಜಾಗವೂ ಸಿಗುತ್ತೆ' ಅನ್ನೋ ಮಾತಿಗೆ ಮನಸ್ಸು ವಾಲಿರುವವರು ಒಂದ್ಸಲ ಓದಿ.

ಗೃಹಜ್ಯೋತಿ ಇರುವಾಗ ನಿನಗೆಂತ ಸೋಲಾರ್ ಹುಚ್ಚು ಅಂತ ಅಮ್ಮ ಮೊದಲೇ ಅಂದಿದ್ದರು. ಆದರೆ ನಮ್ಮದು ತಿಂಗಳಿಗೆ 200 ಯೂನಿಟ್ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಬೇರೆ. ಕಂಪನಿಯವನು ಬಂದ, ಟೆರೇಸ್ ಮೇಲೆ ಎರಡು ಸುತ್ತು ಹಾಕಿದ. "ಮಳೆಗೆ ಹೇಗೂ ಶೀಟ್ ಹಾಕಿಸ್ತೀರಲ್ಲ ಸಾರ್, ಒಂದೇ ಖರ್ಚಲ್ಲಿ ಎರಡು ಕೆಲಸ ಮುಗಿಸಿಬಿಡಿ" ಅಂದ. ಮಲೆನಾಡಿನವರಿಗೆ ಈ ಮಾತು ಎಲ್ಲಿ ನಾಟುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೋರುವ ಟೆರೇಸ್ ಮುಚ್ಚುತ್ತೆ, ಕೆಳಗೆ ಅಡಿಕೆ ಹರಡಬಹುದು, ಬಟ್ಟೆ ಒಣಗಿಸಬಹುದು. ಪುರಸಭೆಗೆ ಹೇಳಬೇಕಾ ಅಂತ ಕೇಳಿದೆ. "ಅದೆಲ್ಲ ನಾವು ನೋಡ್ಕೊಳ್ತೀವಿ ಸಾರ್."

ನಾಲ್ಕೇ ದಿನಕ್ಕೆ ವಾಟ್ಸಾಪ್‌ನಲ್ಲಿ ಒಂದು ಪಿಡಿಎಫ್ ಬಂತು, ಅಪ್ರೂವ್ಡ್ ಅಂತ. ನಾನು ಎಡವಿದ್ದು ಇಲ್ಲೇ. ಅದು ಕರೆಂಟಿನವರ ಒಪ್ಪಿಗೆ ಮಾತ್ರ. 10 ಕಿಲೋವ್ಯಾಟ್‌ವರೆಗಿನ ಅರ್ಜಿ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಪಾಸಾಗಲಿ ಅಂತ 2024ರಲ್ಲಿ ಕೇಂದ್ರದ ನಿಯಮ ಬದಲಾಗಿದೆ. ಅಂದರೆ ನಮ್ಮ ಮನೆಯನ್ನು ಯಾರೂ ಬಂದು ನೋಡಿರಲಿಲ್ಲ. ಅದರ ಮೇಲೆ ಎಂತ ಕಟ್ಟುತ್ತೀರಿ ಅನ್ನುವುದಕ್ಕೂ ಆ ಕಾಗದಕ್ಕೂ ಸಂಬಂಧವೇ ಇಲ್ಲ.

ಕಟ್ಟಿದ್ದು ಏನಪ್ಪಾ ಅಂದರೆ, 10 ಅಡಿ ಎತ್ತರದ ಕಬ್ಬಿಣದ ಕಂಬಗಳು, ಪ್ಯಾನೆಲ್ ಕೆಳಗೆ ಪೂರ್ತಿ ಶೀಟು, ಇರಚಲು ಹೊಡೆಯಬಾರದು ಅಂತ ಮೂರು ಕಡೆ ಮರೆ. ಕೊನೆಯ ಎರಡು ಪ್ಯಾನೆಲ್ ಹಿಡಿಸಲಿಲ್ಲ ಅಂತ ಪಕ್ಕದ ಮನೆ ಕಡೆಗೆ 3 ಅಡಿ ಹೊರಗೆ ಚಾಚಿದರು. ನಾನು ಅವರಿಗೆ ಚಹಾ ಕೊಡುತ್ತಾ ಅಲ್ಲೇ ನಿಂತಿದ್ದೆ!

ಜೂನ್‌ನಲ್ಲಿ ಮಳೆ ಹಿಡಿಯಿತು. ನಮ್ಮ ಶೀಟಿನ ಅಷ್ಟೂ ನೀರು ಪಕ್ಕದವರ ಹೆಂಚಿನ ಮೇಲೆ ಧೋ ಅಂತ ಬೀಳತೊಡಗಿತು. ಒಂದು ರಾತ್ರಿ ಎರಡು ಹೆಂಚು ಜಾರಿ ಅವರ ಅಡುಗೆಮನೆ ಒಲೆ ಮೇಲೆಯೇ ನೀರು. ಅವರು ವಯಸ್ಸಾದವರು, ಜಗಳದ ಜನ ಅಲ್ಲ. "ನಿಮ್ಮ ಸೂರಿನ ನೀರು ನನ್ನ ಮಾಡಿಗೆ ಯಾಕಪ್ಪ?" ಅಂತ ಎರಡು ಸಲ ಬಂದು ಕೇಳಿದರು. ನಾನು ಕಂಪನಿಯವನಿಗೆ ಫೋನ್ ಮಾಡೋದು, ಅವನು ನಾಳೆ ಪೈಪ್ ಹಾಕಿಸ್ತೀನಿ ಅನ್ನೋದು. ಮೂರನೇ ಸಲ ಅವರು ನನ್ನ ಹತ್ತಿರ ಬರಲಿಲ್ಲ, ಸೀದಾ ಪುರಸಭೆಗೆ ಹೋದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನೋಟಿಸ್ ಬಂತು: ಮಂಜೂರಾದ ನಕ್ಷೆ ಮೀರಿ ಮೇಲಂತಸ್ತು ಕಟ್ಟಿದ್ದೀರಿ, ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಉಲ್ಲಂಘಿಸಿದ್ದೀರಿ. ನಾನು ಆ ಪಿಡಿಎಫ್ ಪ್ರಿಂಟ್ ಹಿಡಿದು ಭಾರೀ ಧೈರ್ಯದಲ್ಲಿ ಹೋದೆ. ಎಂಜಿನಿಯರ್ ಅದನ್ನು ತಿರುಗಿಸಿ ನೋಡಿ, "ಇದು ಕರೆಂಟಿನವರದ್ದು. ಪ್ಯಾನೆಲ್‌ಗೆ ನನ್ನ ತಕರಾರಿಲ್ಲ ಮಾರಾಯ್ರೆ, ಅದರ ಕೆಳಗೆ ಒಂದು ಮನೆ ಮಾಡಿದ್ದೀರಲ್ಲ, ಅದಕ್ಕೆ ಅರ್ಜಿ ಎಲ್ಲಿದೆ?" ಅಂದರು. ಕಂಪನಿಯವನನ್ನು ಕೇಳಿದರೆ ಅಗ್ರಿಮೆಂಟ್ ನೋಡಿ ಸಾರ್ ಅಂದ. ನೋಡಿದೆ. ಎರಡನೇ ಪುಟದ ತಳದಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ: ಸ್ಥಳೀಯ ಸಂಸ್ಥೆಯ ಅನುಮತಿ ಗ್ರಾಹಕರ ಜವಾಬ್ದಾರಿ. ಅದರ ಕೆಳಗೆ ನನ್ನದೇ ಸಹಿ. ಆಮೇಲೆ ಅವನು ಫೋನ್ ಎತ್ತುವುದನ್ನೇ ನಿಲ್ಲಿಸಿದ, ಆಗಲೇ 90 ಪರ್ಸೆಂಟ್ ದುಡ್ಡು ಕೊಟ್ಟಾಗಿತ್ತಲ್ಲ.

ಹೊರಗೆ ಚಾಚಿದ್ದನ್ನು ನನ್ನ ಖರ್ಚಿನಲ್ಲೇ ಕತ್ತರಿಸಿ ತೆಗೆಸಿದೆ. ಬೋಲ್ಟ್ ಸೇರಿಸಿದ್ದಲ್ಲ, ಎಲ್ಲ ವೆಲ್ಡಿಂಗ್, ಹಾಗಾಗಿ ಗ್ರೈಂಡರ್ ಇಟ್ಟು ಕೊಯ್ಯಬೇಕಾಯಿತು. ಆ ಕಡೆಯ ಎರಡು ಕಂಬ ಕಿತ್ತ ತೂತಿನಿಂದ ಈಗ ನೀರು ಇಳಿಯುತ್ತಿದೆ, ಸರಿಯಾಗಿ ದೇವರ ಕೋಣೆಗೆ. ಅಲ್ಲೊಂದು ಬಕೆಟ್ ಇಟ್ಟಿದ್ದೇವೆ, ಸೋರದಿರಲಿ ಅಂತ ಹೊರಟವರು ನಾವು. 6 ಪ್ಯಾನೆಲ್‌ನಲ್ಲಿ 4 ಉಳಿದಿವೆ. ಅರ್ಜಿಯಲ್ಲಿ 6 ಇದೆ, ಹಾಗಾಗಿ ಸೋಲಾರ್‌ಗೆ ಬೇಕಾದ ಹೊಸ ಮೀಟರ್ ಕೂರಿಸುವ ಕೆಲಸ ನಿಂತಿದೆ. ಮೀಟರ್ ಕೂತು ತಪಾಸಣೆ ಆಗದೆ ಸಬ್ಸಿಡಿ ಬರುವುದಿಲ್ಲ, ಬಂದರೂ 78,000 ಅಲ್ಲ, ಹೆಚ್ಚುಕಮ್ಮಿ 60,000.

ಹಾಗಾಗಿ ಹೇಳುತ್ತಿದ್ದೇನೆ. ಟೆರೇಸಿಗೆ ಅಂಟಿದಂತೆ ತಗ್ಗಾಗಿ ಪ್ಯಾನೆಲ್ ಕೂರಿಸುವುದು ಬೇರೆ, ಕಂಬ ಎತ್ತಿ ಶೀಟು ಹೊದಿಸುವುದು ಬೇರೆ. ಎರಡನೆಯದು ಮಾಡುವುದಾದರೆ ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆಯನ್ನೂ ಸ್ಟ್ರಕ್ಚರ್ ಡ್ರಾಯಿಂಗನ್ನೂ ಹಿಡಿದು ನೀವೇ ಪುರಸಭೆಗೆ ಹೋಗಿ, ಬಾಯಿಮಾತು ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿ ಕೇಳಿ. ಶೀಟಿನ ನೀರು ಎಲ್ಲಿ ಬೀಳುತ್ತೆ ಅಂತ ಡ್ರಾಯಿಂಗಿನಲ್ಲೇ ತೋರಿಸಲು ಹೇಳಿ. ನಮ್ಮ ಕಡೆ ಬಿಸಿಲಿಗಿಂತ ಅದು ದೊಡ್ಡ ಪ್ರಶ್ನೆ, ಅಲ್ವಾ? ಮೀಟರ್ ತಿರುಗುವವರೆಗೆ ದೊಡ್ಡ ಕಂತು ಕೈಯಲ್ಲೇ ಇರಲಿ.

ಉಳಿದ ಶೀಟಿಗೆ ಈಗ ಅರ್ಜಿ ಹಾಕಿದ್ದೇನೆ, ಮಂಗಳವಾರ ಎಂಜಿನಿಯರ್ ನೋಡಲು ಬರುತ್ತಾರಂತೆ. ಪಕ್ಕದ ಮನೆಗೆ ಹೊಸ ಹೆಂಚು ಹಾಕಿಸಿಕೊಟ್ಟೆ. ಇಳಿಸಿದ ಎರಡು ಪ್ಯಾನೆಲ್ ಕೊಟ್ಟಿಗೆಯಲ್ಲಿ ಟಾರ್ಪಾಲ್ ಹೊದ್ದು ಮಲಗಿವೆ.