ಗ್ರಂಥಾಲಯದ ನಕ್ಷೆ ವಿಭಾಗ: ಶೀಟ್ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು

ಮಂಗಳೂರಿನ ಈ ಗ್ರಂಥಾಲಯದ ನಕ್ಷೆ ವಿಭಾಗಕ್ಕೆ ಐದರಲ್ಲಿ ಮೂರೂವರೆ. ಸಂಗ್ರಹ ಚೆನ್ನಾಗಿದೆ, ಅಂಕ ಕಳೆದದ್ದು ಕ್ಯಾಟಲಾಗಿಗೆ. ಟೋಪೋಶೀಟುಗಳನ್ನು (ಬೆಟ್ಟ, ಹೊಳೆ, ರಸ್ತೆ, ಊರು ತೋರಿಸುವ ಸರ್ವೆ ಆಫ್ ಇಂಡಿಯಾ ನಕ್ಷೆಗಳು) ಒಂದೊಂದನ್ನೂ ಒಂದೇ ಊರಿನ ಹೆಸರಿನಲ್ಲಿ ನಮೂದಿಸಿಟ್ಟಿದ್ದಾರೆ. ‘ಮಣಿಪಾಲ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಶೀಟು ಮಾತ್ರ ಡ್ರಾಯರಿನಲ್ಲಿ ತಣ್ಣಗೆ ಮಲಗಿರುತ್ತದೆ.

ಹಾಗಾಗಿ ಕೌಂಟರಿನಲ್ಲಿ ನಂಬರ್ ಹೇಳಿಯೇ ಕೇಳಿ. ಮಂಗಳೂರು ಪೇಟೆ 48 ಎಲ್/13. ಉಡುಪಿಗೆ ಒಂದು ಶೀಟು ಸಾಲದು. 74°45′ ರೇಖಾಂಶ ಪೇಟೆಯ ಮೇಲೆಯೇ ಹಾದುಹೋಗುವುದರಿಂದ ಮಲ್ಪೆ 48 ಕೆ/11ರಲ್ಲಿ, ಮಣಿಪಾಲ 48 ಕೆ/15ರಲ್ಲಿ. ಎರಡನ್ನೂ ಒಟ್ಟಿಗೆ ತರಿಸಿಕೊಳ್ಳಿ. ಸಾರ್ವಜನಿಕರಿಗೆಂದು ಅಚ್ಚಾಗುವ ಹೊಸ ಓಪನ್ ಸೀರೀಸ್ ಶೀಟುಗಳಲ್ಲಿ 48ರ ಜಾಗಕ್ಕೆ ಡಿ43 ಬಂದಿದೆ, ಮುಂದಿನ ಅಕ್ಷರ, ಅಂಕೆ ನಮ್ಮ ಕಡೆಗೆ ಅವೇ.

1:50,000ದ ಹೊಸ ಶೀಟುಗಳು ಸರ್ವೆ ಆಫ್ ಇಂಡಿಯಾ ಜಾಲತಾಣದಲ್ಲೇ ಪಿಡಿಎಫ್ ಆಗಿ ಸಿಗುತ್ತವೆ. ಇಲ್ಲಿಗೆ ಬರಬೇಕಾದ್ದು ಹಳೆಯ ‘ಇಂಚಿಗೊಂದು ಮೈಲಿ’ ಶೀಟುಗಳಿಗೆ. ಅಂಚಿನಲ್ಲಿ ಮುದ್ರಣದ ವರ್ಷ ನೋಡಿ ಮೋಸಹೋಗಬೇಡಿ, ಸರ್ವೆ ನಡೆದ ವರ್ಷ ಬೇರೆ ಇರುತ್ತದೆ. ಸರ್ವೆಯ ಕಾಲ ಅಂದಾಜಿಸಲು ಇವು ನೆನಪಿರಲಿ: ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ, ಪಣಂಬೂರಿನ ನವಮಂಗಳೂರು ಬಂದರು 1974ರದ್ದು. ಪಣಂಬೂರಿನಲ್ಲಿ ಬರೀ ಮರಳದಂಡೆ ಕಂಡರೆ ಸರ್ವೆ ಅದಕ್ಕೂ ಹಿಂದಿನದು. ಇನ್ನು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಅಂತರ ಹಳೆಯದರಲ್ಲಿ 50 ಅಡಿ, ಹೊಸದರಲ್ಲಿ 20 ಮೀಟರ್. ನೇತ್ರಾವತಿಯ ಕುದ್ರುಗಳಲ್ಲಿ (ಹೊಳೆ ನಡುವಿನ ನಡುಗಡ್ಡೆಗಳಲ್ಲಿ) ನೆರೆ ಎಲ್ಲಿಯವರೆಗೆ ಏರೀತು ಎಂದು ಇವುಗಳಿಂದ ಲೆಕ್ಕ ಹಾಕಲು ಹೊರಟರೆ ವ್ಯರ್ಥ. ಕುದ್ರುವಿಗೆ ಕುದ್ರುವೇ ಎರಡು ಗೆರೆಗಳ ನಡುವೆ ಅಡಗಿಬಿಡುತ್ತದೆ.

ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಅದೂ ಉದ್ದಕ್ಕೊಂದು ಅಳತೆ, ಅಡ್ಡಕ್ಕೊಂದು. ಆಟಿ ತಿಂಗಳ ಮಳೆಯಲ್ಲಿ ಅಳೆಯುವುದಾದರೆ ಸ್ಕೇಲುಪಟ್ಟಿಯನ್ನು ನಂಬಬೇಡಿ, ಶೀಟಿನಲ್ಲೇ ಅಚ್ಚಾದ ಅಕ್ಷಾಂಶ, ರೇಖಾಂಶ ಗೆರೆಗಳ ಅಂತರಕ್ಕೆ ಹೋಲಿಸಿ. ಮೊಬೈಲ್ ಫೋಟೋ ಓದಲು ಸಾಕು, ಅಳೆಯಲು ಬೇಡ. ಸಮತಟ್ಟಾದ ಸ್ಕ್ಯಾನ್ ಕೇಳಿ ಪಡೆಯಿರಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಸ್ಕ್ಯಾನನ್ನು ಅದರ ಸರಿಯಾದ ಸ್ಥಾನಕ್ಕೆ ಕೂರಿಸುವಾಗ ನಾಲ್ಕು ಮೂಲೆ ಮಾತ್ರ ಕೊಟ್ಟರೆ ಮಡಿಕೆಯ ಸೊಟ್ಟ ಹಾಗೆಯೇ ಉಳಿಯುತ್ತದೆ. ಅಕ್ಷಾಂಶ, ರೇಖಾಂಶ ಗೆರೆಗಳು 5′ಗೊಂದರಂತೆ ಕೂಡುವ ಹದಿನಾರೂ ಛೇದಬಿಂದುಗಳನ್ನು ಕೊಡಿ. ಹಳೆಯ ಶೀಟಿಗೆ ಡೇಟಮ್ (ಅಕ್ಷಾಂಶ, ರೇಖಾಂಶ ಎಣಿಸುವ ಆಧಾರ) ಆಗಿ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಅಲ್ಲ, ಕಲ್ಯಾಣಪುರ ಆರಿಸಿ. (ನಮ್ಮ ಸಂತೆಕಟ್ಟೆ ಪಕ್ಕದ ಕಲ್ಯಾಣಪುರವಲ್ಲ, ಮಧ್ಯಪ್ರದೇಶದ್ದು!) ಇದನ್ನು ತಪ್ಪಿದರೆ ರಸ್ತೆ, ಹೊಳೆ ಎಲ್ಲ ನೂರು ಮೀಟರಿಗೂ ಹೆಚ್ಚು ಸರಿದು ಕೂರುತ್ತವೆ.

ಜಾಗದ ತಕರಾರಿಗೆ ಇಲ್ಲಿ ಉತ್ತರವಿಲ್ಲ. 1:50,000ದಲ್ಲಿ ಅರ್ಧ ಮಿಲಿಮೀಟರಿನ ಗೆರೆಯೆಂದರೆ ನೆಲದ ಮೇಲೆ 25 ಮೀಟರ್, ಐದು ಸೆಂಟ್ಸಿನ ಮನೆ ಜಾಗ ಅದರಡಿ ಮುಚ್ಚಿಹೋಗುತ್ತದೆ. ಅದಕ್ಕೆ ಸರ್ವೆ ಇಲಾಖೆಯ ಎಫ್ಎಂಬಿ (ಫೀಲ್ಡ್ ಮೆಷರ್‌ಮೆಂಟ್ ಬುಕ್, ಸರ್ವೆ ನಂಬರುಗಳ ಅಳತೆ ಪುಸ್ತಕ) ನಕ್ಷೆಯೇ ಬೇಕು.

ಸಮುದ್ರದ ಚಾರ್ಟುಗಳು ಕೆಲವೇ ಇವೆ. ಹಳೆಯವುಗಳಲ್ಲಿ ಆಳ ಫ್ಯಾದಮ್‌ನಲ್ಲಿದೆ, ಒಂದು ಫ್ಯಾದಮ್ ಅಂದರೆ ಆರು ಅಡಿ. ಅಳಿವೆಯ ಮರಳುದಿಬ್ಬ ಹಿಂದೆ ಎಲ್ಲಿತ್ತು ಎಂದು ನೋಡಲು ಅಡ್ಡಿಯಿಲ್ಲ, ದೋಣಿ ನಡೆಸಲು ಬೇಡ. ಚಾರ್ಟಿನ ಆಳವನ್ನು ಟೋಪೋಶೀಟಿನ ಎತ್ತರಕ್ಕೆ ನೇರವಾಗಿ ಕೂಡಿಸಲೂಬೇಡಿ: ಒಂದರ ಸೊನ್ನೆ ಇಳಿತದ ನೀರಿನ ಮಟ್ಟ, ಇನ್ನೊಂದರದ್ದು ಸರಾಸರಿ ಸಮುದ್ರ ಮಟ್ಟ.