ಉದ್ರಿ ಲೆಕ್ಕ ಬರೆಯಲು ಬಾಯಿಯೋ, ಬೆರಳೋ?

ತುಮಕೂರಿನಲ್ಲಿ ಭಾವನ ದಿನಸಿ ಅಂಗಡಿಗೆ ಉದ್ರಿ ಲೆಕ್ಕದ ಆ್ಯಪ್ ಬರೆದುಕೊಟ್ಟಾಗ ಎರಡು ದಾರಿ ಇಟ್ಟಿದ್ದೆ: ಮೈಕ್ ಒತ್ತಿ ಹೇಳುವುದು, ಇಲ್ಲವೇ ಕೀಲಿ ಒತ್ತಿ ಬರೆಯುವುದು. ಒಂದು ವಾರ ಅದು, ಮರುವಾರ ಇದು ಎಂದು ಗೊತ್ತುಮಾಡಿಕೊಂಡು ಗಲ್ಲಾದ ಪಕ್ಕ ನಾನೇ ಕುಳಿತೆ.

ಗಿರಾಕಿಯ ಹೆಸರಿನ ಮಟ್ಟಿಗೆ ಬಾಯಿಯದೇ ಮೇಲುಗೈ. ‘ಲಕ್ಷ್ಮಮ್ಮ’ ಕಣ್ಣಿಗೆ ಮೂರೇ ಅಕ್ಷರ. ನನ್ನ ಕೀಲಿಮಣೆಯಲ್ಲಿ ಅದಕ್ಕೆ 9 ಕೀಲಿ. ಬೆಲ್ಲ ತೂಗಿ ಅಂಟಾದ ಕೈಯಲ್ಲಿ ಭಾವ ಅದನ್ನು ಬರೆಯುವಷ್ಟರಲ್ಲಿ ಮುಂದಿನವರು ಚೀಟಿ ಚಾಚಿರುತ್ತಿದ್ದರು. 2016ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪರೀಕ್ಷಿಸಿದಾಗ, ಇಂಗ್ಲಿಷ್ ಸಂದೇಶವನ್ನು ಮೊಬೈಲಿನಲ್ಲಿ ಒತ್ತಿ ಬರೆಯುವುದಕ್ಕಿಂತ ಹೇಳಿ ಬರೆಸುವುದು ಸುಮಾರು ಮೂರು ಪಟ್ಟು ವೇಗವಾಗಿತ್ತು. ನಮ್ಮ ಒತ್ತಕ್ಷರಗಳ ಮುಂದೆ ಆ ಅಂತರ ಇನ್ನೂ ಹೆಚ್ಚೆಂದು ನನಗೆ ಅನ್ನಿಸಿತು. ಹೆಸರು ತಪ್ಪಾಗಿ ಕೇಳಿಸಿದರೂ ನಷ್ಟವಿಲ್ಲ. ಹೋಲುವ ನಾಲ್ಕು ಹೆಸರು ತೆರೆಗೆ ಬರುತ್ತವೆ, ಸರಿಯಾದುದನ್ನು ಮುಟ್ಟಿದರಾಯಿತು.

ಮೊತ್ತದಲ್ಲಿ ಮಾತ್ರ ನಂಬಿಕೆ ಹೋಯಿತು. ‘ಇಪ್ಪತ್ತು’, ‘ಎಪ್ಪತ್ತು’: ವ್ಯತ್ಯಾಸವೆಲ್ಲ ಮೊದಲ ಸ್ವರದಲ್ಲಿ. ರಸ್ತೆಯಲ್ಲಿ ಬಸ್ ಹಾರ್ನ್ ಹೊಡೆದ ಹೊತ್ತಿಗೆ ಹೇಳಿದ ಇಪ್ಪತ್ತು ರೂಪಾಯಿ ಒಬ್ಬ ಹೆಂಗಸಿನ ಖಾತೆಯಲ್ಲಿ 70 ಆಗಿ ಕುಳಿತಿತ್ತು. ಸಂಜೆ ತಾಳೆ ನೋಡುವಾಗ ಸಿಕ್ಕಿತು, ಇಲ್ಲದಿದ್ದರೆ ಆ ಹೆಂಗಸಿಗೆ ಐವತ್ತು ರೂಪಾಯಿ ದಂಡ. ‘ಇಪ್ಪತ್ತು, ಸರಿಯೇ?’ ಎಂದು ಫೋನ್ ಮರಳಿ ಕೇಳುವಂತೆ ಮಾಡಿದೆ. ಉಳಿದಿದ್ದ ಸಮಯವೆಲ್ಲ ಆ ಪ್ರಶ್ನೋತ್ತರದಲ್ಲೇ ಕರಗಿತು. ಅಂಕಿಯ ಕೀಲಿಯಲ್ಲಾದರೆ 2, 0, ಮುಗಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ಐದಾರು ಜನ ನಿಂತಿದ್ದಾಗ ಭಾವ ಮೈಕಿಗೆ ಬಾಕಿ ಹೇಳಿದರು. ಎದುರಿಗಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ತಿರುಗಿದರು. ಹಳೆಯ ಖಾತೆ ಪುಸ್ತಕವಿದ್ದಾಗ ಆ ಸಾಲ ಅವರಿಬ್ಬರ ನಡುವೆಯೇ ಇತ್ತು. ಅದನ್ನು ಊರಿನ ಕಿವಿಗೆ ಹಾಕುವ ಸಾಧನವನ್ನು ನಾನು ಮಾಡಿಕೊಡಬಾರದಿತ್ತು.

ಫೋನ್ ಓದಿ ಹೇಳುವುದರಲ್ಲೂ ಇದೇ ಭೇದ. ಹನ್ನೆರಡು ಬಾಕಿಗಳ ಪಟ್ಟಿಯನ್ನು ಕಣ್ಣು ಕ್ಷಣದಲ್ಲಿ ಜಾಲಾಡುತ್ತದೆ, ಕಿವಿ ಕೊನೆಯವರೆಗೆ ಕಾಯಬೇಕು. ಯುಪಿಐ ಹಣ ಬಂತೆಂದು ಸಾರುವ ಪೆಟ್ಟಿಗೆ ಮಾತ್ರ ಅಂಗಡಿಗೆ ಹೇಳಿ ಮಾಡಿಸಿದ್ದು: ಒಂದೇ ವಾಕ್ಯ, ಭಾವನ ಕಣ್ಣು ತಕ್ಕಡಿ ಬಿಟ್ಟು ಕದಲಬೇಕಿಲ್ಲ. ಕೊಟ್ಟ ಹಣವನ್ನು ಕೂಗಿ ಹೇಳಿದರೆ ಮುಜುಗರಪಡುವವರೂ ಇಲ್ಲ.

ಈಗ ಮೈಕ್ ಹೆಸರಿಗಷ್ಟೇ. ಮೊತ್ತಕ್ಕೆ ಹೆಬ್ಬೆರಳಿನಷ್ಟು ದೊಡ್ಡ ಅಂಕಿಗಳನ್ನು ಇಟ್ಟಿದ್ದೇನೆ. ಆ ಅಜ್ಜಿ ಬಂದಾಗ ಭಾವ ಏನೂ ಹೇಳದೆ ಫೋನನ್ನೇ ಅವರ ಕಡೆ ತಿರುಗಿಸುತ್ತಾರೆ.